ಸದ್ದಿನ ಮನೆಯ ಲಕ್ಷ್ಮೀಪತಿ

ಪಾವಗಡದಿಂದ ಮಧುಗಿರಿ ಮೇಲೆ ಶಿರಾಕ್ಕೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಓಡಾಡಿದವರಿಗೆ ಕಂಡಕ್ಟರ್ ಲಕ್ಷ್ಮೀಪತಿ ಗೊತ್ತಿಲ್ಲದೆ ಇರುವುದಿಲ್ಲ. ಪಾವಗಡದವರಿಗೆ ತೆಲುಗಿನಲ್ಲಿ, ಶಿರಾದವರಿಗೆ ಉರ್ದುವಿನಲ್ಲಿ, ನಡುವಿನವರಿಗೆ ಬೈಗುಳದಲ್ಲಿ ಚಿಲ್ಲರೆ ಕೇಳುವ ಮನುಷ್ಯ. ‘ಒಳಗೆ ಜರುಗ್ರಿ’ ಎಂದು ಅವನು ಬಾಗಿಲಲ್ಲಿ ನಿಂತು ಗದರಿದರೆ ಮುಂದಿನ ಸೀಟಿನಲ್ಲಿ ಕೂತ ಡ್ರೈವರೂ ಅಭ್ಯಾಸಬಲದಿಂದ ಒಂಚೂರು ಜರುಗುತ್ತಾನೆ. ಇಂಥ ಗಂಟಲಿನವನಿಗೆ ಬೇರೆಯವರು ಮಾಡುವ ಸದ್ದು ಮಾತ್ರ ಆಗಿಬರುವುದಿಲ್ಲ. ಸಿಟ್ಟಲ್ಲ, ಹೆದರಿಕೆ. ಮನೆಯಲ್ಲಿ ಹೆಂಡತಿ ಮಂಜಮ್ಮ ಒಲೆಯ ಮೇಲೆ ಕುಕ್ಕರ್ ಇಟ್ಟರೆ ಇವನು ಎಮ್ಮೆ ನೋಡಿಕೊಂಡು ಬರುತ್ತೇನೆಂದು ಹಿತ್ತಲಿಗೆ ಹೋಗುತ್ತಾನೆ. ಅವರ ಮನೆಯಲ್ಲಿ ಎಮ್ಮೆ ಇಲ್ಲ. ದೀಪಾವಳಿಗೆ ತಾನಾಗಿ ಕೇಳಿ ಡಬಲ್ ಡ್ಯೂಟಿ ಹಾಕಿಸಿಕೊಂಡು, ಪಟಾಕಿ ಹೊಡೆಯುವ ಊರುಗಳನ್ನು ಬಸ್ಸಿನ ಕಿಟಕಿ ಮುಚ್ಚಿಕೊಂಡು ದಾಟುವುದರಿಂದ ಡಿಪೋದಲ್ಲಿ ಅವನಿಗೆ ಕರ್ತವ್ಯನಿಷ್ಠ ಎಂಬ ಹೆಸರಿದೆ. ಒಂದು ಸಲ ಮಿಡಿಗೇಶಿ ದಾಟಿದ ಮೇಲೆ ಬಸ್ಸಿನ ಟೈರು ಒಡೆದಾಗ ಅವನು ಸೀಟಿನ ಕೆಳಗಿಂದಲೇ ಇಬ್ಬರಿಗೆ ಟಿಕೆಟ್ ಕೊಟ್ಟನೆಂದೂ, ಬಿದ್ದ ಚಿಲ್ಲರೆ ಹುಡುಕುತ್ತಿದ್ದೆನೆಂದು ಆಮೇಲೆ ಹೇಳಿದನೆಂದೂ ಪ್ರಯಾಣಿಕರು ಈಗಲೂ ಹೇಳುತ್ತಾರೆ.

ಇಂಥವನು ಹುಟ್ಟಿದ್ದು ಸದ್ದಿನ ಮನೆಯಲ್ಲಿ. ಹಣೆಬರಹ ಬರೆಯುವವನಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ.

ಅವನ ಊರು ಕೊಳಾಲದ ಆಚೆಯ ಚಿಕ್ಕಬೀರನಪಾಳ್ಯ. ವಿಜಯದಶಮಿಯ ಸಂಜೆ ಊರಿನವರೆಲ್ಲ ಬನ್ನಿಮರದ ಹತ್ತಿರ ಸೇರುತ್ತಾರೆ. ಎದುರಿಗೆ ಒಂದು ಬಾಳೆಕಂಬ ನೆಟ್ಟಿರುತ್ತದೆ. ಬೇರೆ ಊರುಗಳಲ್ಲಿ ಅದಕ್ಕೆ ಅಂಬು ಬಿಡುತ್ತಾರೆ, ಇಲ್ಲವೇ ಕತ್ತಿಯಲ್ಲಿ ಕಡಿಯುತ್ತಾರೆ. ಚಿಕ್ಕಬೀರನಪಾಳ್ಯದವರು ಬಂದೂಕು ಹಾರಿಸುತ್ತಾರೆ. ಗುಂಡು ಹಾಕುವುದಿಲ್ಲ, ಬರೀ ಮದ್ದು, ಬರೀ ಸದ್ದು. ಬಾಳೆಕಂಬ ಸದ್ದಿಗೇ ಸತ್ತಿತೆಂದು ತಿಳಿದುಕೊಳ್ಳುತ್ತಾರೆ. ಸದ್ದಾಗುವ ತನಕ ಯಾರೂ ಬನ್ನಿ ಎಲೆ ಮುಟ್ಟುವಂತಿಲ್ಲ. ಬನ್ನಿ ಮನೆಗೆ ಬಾರದೆ ಒಬ್ಬಟ್ಟಿಗೆ ಕೈ ಹಾಕುವಂತಿಲ್ಲ. ಆ ಬಂದೂಕು ಇರುವುದು ಲಕ್ಷ್ಮೀಪತಿಯ ಮನೆಯಲ್ಲಿ. ಹಾರಿಸುವ ಹಕ್ಕು ಆ ಮನೆಯ ಹಿರಿಯ ಗಂಡಸಿನದು. ಹಾರಿದ ಮೇಲೆ ಮೊದಲ ಬನ್ನಿ ಬೀಳುವುದು ಅವನ ಹೆಂಡತಿಯ ಸೆರಗಿಗೆ.

ಬಂದೂಕು ಮಧುಗಿರಿಯ ಪಾಳೇಗಾರರು ಕೊಟ್ಟದ್ದೆಂದು ಮನೆಯವರು ಹೇಳುತ್ತಾರೆ. ಪಾಳೇಗಾರರು ಬಿಟ್ಟು ಓಡಿದ್ದೆಂದು ದಾಯಾದಿಗಳು ಹೇಳುತ್ತಾರೆ. ಯಾರು ಹೇಳುವುದು ನಿಜವಾದರೂ ಅದು ತುಂಬ ಹಳೆಯದು. ತೋಟಾ ಇಲ್ಲ, ಕೇಪು ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು ಗಜವೆಂಬ ಉದ್ದನೆಯ ಸರಳಿನಿಂದ ಇಡಿಯಬೇಕು. ಪಕ್ಕದಲ್ಲಿ ಒಂದು ಕಬ್ಬಿಣದ ಕುದುರೆ, ಅದರ ಬಾಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು. ಬಿಲ್ಲು, ಅಂದರೆ ಟ್ರಿಗರು, ಎಳೆದರೆ ಕುದುರೆ ಬಗ್ಗಿ ಎದುರಿನ ಉಕ್ಕಿನ ಪಟ್ಟಿಗೆ ಕಲ್ಲನ್ನು ಉಜ್ಜಬೇಕು, ಕಿಡಿ ಕೆಳಗಿನ ಪುಟ್ಟ ಬಟ್ಟಲಲ್ಲಿರುವ ರಂಜಕದ ಪುಡಿಗೆ ಬೀಳಬೇಕು, ರಂಜಕ ಹೊತ್ತಿ ಒಳಗಿನ ಮದ್ದಿಗೆ ಬೆಂಕಿ ಮುಟ್ಟಿಸಬೇಕು. ಇಷ್ಟೂ ಮಂದಿಯ ಮನಸ್ಸು ಒಂದಾದರೆ ಸದ್ದು. ನಮ್ಮ ಪಂಚಾಯ್ತಿ ಸಭೆಗಳಲ್ಲಿ ಕೋರಂ ಆದಷ್ಟೇ ಅಪರೂಪಕ್ಕೆ ಅದು ಆಗುತ್ತದೆ. ಲೈಸೆನ್ಸ್ ಇದೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಗೋಡೆಗೆ ಒರಗಿ ಕೂತಿದ್ದು, ಫಲಿತಾಂಶ ಬಂದ ಮೇಲೆ ಮನೆಗೆ ಬರುತ್ತದೆ.

ಕೆಲವು ವರ್ಷಗಳಿಂದ ಅದು ಹಾರುವುದನ್ನು ನಿಲ್ಲಿಸಿತ್ತು. ಲಕ್ಷ್ಮೀಪತಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಬಿಲ್ಲು ಎಳೆದರೆ ‘ಟಕ್’ ಅನ್ನುತ್ತಿತ್ತು, ಅಷ್ಟೆ. ಆಗ ಹಿಂದಿನ ಲಂಟಾನದ ಪೊದೆಯಲ್ಲಿ ಕೂತಿದ್ದ ಮಂಜಮ್ಮನ ತಮ್ಮ ಒಂದು ಆಟಂಬಾಂಬಿಗೆ ಬತ್ತಿ ಹಚ್ಚುತ್ತಿದ್ದ. ‘ಟಕ್’ಗೂ ‘ಢಂ’ಗೂ ನಡುವೆ ಒಬ್ಬ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಇರುತ್ತಿತ್ತು. ಪೊದೆಯಿಂದ ಹೊಗೆ ಬರುವುದು ಎಲ್ಲರಿಗೂ ಕಾಣುತ್ತಿತ್ತು. ಒಬ್ಬಟ್ಟಿನ ಆಸೆಗೆ ಯಾರೂ ನೋಡುತ್ತಿರಲಿಲ್ಲ. ಲಕ್ಷ್ಮೀಪತಿಯ ಬಾಳಿನಲ್ಲಿ ಅದು ಬಂಗಾರದ ಕಾಲ. ಹಕ್ಕು ತನ್ನದು, ಸದ್ದು ಇಪ್ಪತ್ತು ಮಾರು ದೂರದ ಪೊದೆಯದು.

ಅದಕ್ಕೆ ಕಲ್ಲು ಹಾಕಿದವನು ಅವನ ಚಿಕ್ಕಪ್ಪನ ಮಗ, ಕಿರಿಯ ಮನೆಯ ಮಲ್ಲಿಕಾರ್ಜುನಯ್ಯ. ಕೊರಟಗೆರೆಯಲ್ಲಿ ಶಾಮಿಯಾನ ಮತ್ತು ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಆಸಾಮಿ. ಗಣೇಶನ ಹಬ್ಬ ಮುಗಿದ ವಾರ ಊರ ಯಜಮಾನ ಚಿಕ್ಕರಂಗಪ್ಪನವರ ಜಗುಲಿಯ ಮೇಲೆ ಸಭೆ ಸೇರಿದಾಗ ಅವನು ಎದ್ದು ನಿಂತ. ಪಟಾಕಿಯನ್ನೇ ಹೊಡೆಯುವುದಾದರೆ ಅದಕ್ಕೆ ಹಿರಿಯ ಮನೆ ಯಾಕೆ ಬೇಕು ಎಂದು ಶುರುಮಾಡಿ, ಕೊನೆಗೆ ಮನಸ್ಸಿನಲ್ಲಿದ್ದುದನ್ನು ಹೇಳಿದ.

“ನಮ್ಮ ಬಾಕ್ಸಿಗೆ ಒಂದು ಪೆನ್‌ಡ್ರೈವ್ ಸಿಕ್ಕಿಸಿದ್ರೆ ಬಂದೂಕೇನು, ಫಿರಂಗಿ ಸದ್ದೇ ಬತ್ತದೆ. ಕೊಳಾಲದ ಗಂಟ ಕೇಳ್ತದೆ. ಹಕ್ಕು ಇತ್ಲಾಗೆ ಕೊಡ್ರಿ.”

ಜನ ತಲೆದೂಗಿದರು. ಚಿಕ್ಕರಂಗಪ್ಪನವರು, ಈ ಸಲ ಬಂದೂಕು ತಾನೇ ಸದ್ದು ಮಾಡಬೇಕು, ಪೊದೆಯಲ್ಲಿ ಯಾರೂ ಕೂರುವಂತಿಲ್ಲ, ಮಾಡದಿದ್ದರೆ ಮುಂದಿನ ವರ್ಷದಿಂದ ಹಕ್ಕು ಕಿರಿಯ ಮನೆಗೆ ಎಂದು ತೀರ್ಪು ಕೊಟ್ಟರು.

ಆ ದಿನ ಮಂಜಮ್ಮ ಅಡುಗೆಮನೆಯಿಂದಲೇ ಮಾತಾಡಿದಳು. “ಮೊದಲ ಬನ್ನಿ ಆ ಸೌಂಡ್ ಸಿಸ್ಟಮ್ಮಿನೋಳ ಸೆರಗಿಗೆ ಬಿದ್ರೆ, ಅವತ್ತಿಂದ ನಾನು ಊರೊಳಗೆ ತಲೆ ಎತ್ಕೊಂಡು ನೀರಿಗೋಗಲ್ಲ. ನೀವೇ ಬಿಂದಿಗೆ ಹೊತ್ಕೊಂಡೋಗಿ.” ನಲ್ಲಿ ಮನೆಯೊಳಗೇ ಇದೆ ಎಂದು ಹೇಳುವಷ್ಟು ಧೈರ್ಯ ಲಕ್ಷ್ಮೀಪತಿಗೆ ಇರಲಿಲ್ಲ. ಅವಳು ಮದುವೆಯಾಗಿ ಬಂದ ವರ್ಷದಿಂದ ವರ್ಷಕ್ಕೊಮ್ಮೆ ಊರ ಮುಂದೆ ಸೆರಗೊಡ್ಡಿ ನಿಲ್ಲುವ ಆ ಒಂದು ಗಳಿಗೆಗಾಗಿ ಸೀರೆ ಆರಿಸಿ ಎತ್ತಿಡುವುದನ್ನು ಅವನು ನೋಡಿದ್ದ. ಹಕ್ಕು ಉಳಿಯಲೇಬೇಕು. ಆದರೆ ಅದಕ್ಕೆ ತನ್ನ ಕೆನ್ನೆಗೆ ಒತ್ತಿಕೊಂಡಿರುವ ಕಬ್ಬಿಣ ಗುಡುಗಬೇಕು. ಅದು ನೆನಪಾದಾಗಲೆಲ್ಲ ಅವನು ಎಮ್ಮೆ ನೋಡಿಕೊಂಡು ಬರಲು ಹಿತ್ತಲಿಗೆ ಹೋಗುತ್ತಿದ್ದ.

ಶಿರಾದ ಬಾಷಾ ಸಾಬರು ಅವನ ಬಸ್ಸಿನ ಕಾಯಂ ಗಿರಾಕಿ. ಕೋಟೆ ಕಡೆ ಅವರದೊಂದು ಅಂಗಡಿ. ಬಂದೂಕು ರಿಪೇರಿಯ ಪರವಾನಗಿ ಅವರ ತಾತನ ಕಾಲದಿಂದ ಬಂದದ್ದು. ಹೊಟ್ಟೆಪಾಡು ಗ್ಯಾಸ್ ಸ್ಟವ್ ರಿಪೇರಿಯಿಂದ. ಹಂದಿ ಓಡಿಸುವ ರೈತರು ತಮ್ಮ ಕೋವಿ ತಂದಾಗ ಮಾತ್ರ ಸಾಬರು ಬರ್ನರುಗಳನ್ನು ಪಕ್ಕಕ್ಕೆ ಸರಿಸಿ, ತಾತನ ಕನ್ನಡಕ ಹಾಕಿಕೊಳ್ಳುತ್ತಾರೆ. ಅದರಲ್ಲಿ ಅವರಿಗೆ ಏನೂ ಕಾಣುವುದಿಲ್ಲ, ಆದರೆ ಗಿರಾಕಿಗೆ ಧೈರ್ಯ ಬರುತ್ತದೆ. ಲಕ್ಷ್ಮೀಪತಿ ಬಸ್ಸಿನಲ್ಲಿ ವಿಷಯ ತೆಗೆದಾಗ, ಇಡೀ ಬಂದೂಕು ತರಬೇಕಿಲ್ಲ, ಎರಡು ತಿರುಪು ಬಿಚ್ಚಿದರೆ ಕುದುರೆ, ಕಲ್ಲು, ಒಳಗಿನ ಸ್ಪ್ರಿಂಗಿನ ಕಮಾನು ಎಲ್ಲ ಒಂದೇ ತಗಡಿನಲ್ಲಿ ಈಚೆಗೆ ಬರುತ್ತದೆ, ಆ ಲಾಕು ಒಂದನ್ನು ತನ್ನಿ ಸಾಕು ಎಂದು ಅವರು ಹೇಳಿದರು. ಲಕ್ಷ್ಮೀಪತಿ ಅದನ್ನು ಬಿಚ್ಚಿ, ಲೈಸೆನ್ಸಿನ ಪ್ರತಿಯ ಜೊತೆ ಊಟದ ಡಬ್ಬಿಗೆ ಹಾಕಿಕೊಂಡು ರಜೆಯ ದಿನ ಶಿರಾಕ್ಕೆ ಹೋದ.

ಬಾಷಾ ಸಾಬರು ತಗಡನ್ನು ಮಗುಚಿ ನೋಡಿದರು. ಮೂಸಿದರು. ಹೆಂಡತಿ ಖಾಜಾಬಿಯನ್ನು ಕರೆದು ಅವರಿಗೂ ತೋರಿಸಿದರು.

“ಕಂಡಕ್ಟರ್ ಸಾಹೇಬ್ರೆ, ಇದು ಲಾಕಲ್ಲ, ನಿಮ್ ದೇವರ ಮನೆ.”

ಒಳಗೆ ಕಮಾನು ಎಲ್ಲಿದೆ, ಹಲ್ಲು ಎಲ್ಲಿದೆ ಒಂದೂ ಕಾಣುತ್ತಿರಲಿಲ್ಲ. ವರ್ಷ ವರ್ಷದ ಆಯುಧ ಪೂಜೆಯ ಕುಂಕುಮ, ಅದರ ಮೇಲೆ ಅರಿಸಿನ, ಅದರ ಮೇಲೆ ವಿಭೂತಿ, ಎಲ್ಲವನ್ನೂ ಹಿಡಿದು ಕೂರಿಸಲು ತುಪ್ಪದ ದೀಪದ ಜಿಡ್ಡು, ಸೇರಿ ಮೈಸೂರುಪಾಕಿನ ಹಾಗೆ ಗಟ್ಟಿಯಾಗಿತ್ತು. ರಂಜಕದ ಬಟ್ಟಲಲ್ಲಿ ಒಂದು ಅಕ್ಷತೆ ಕಾಳು ಹುದುಗಿತ್ತು. ಚಕಮಕಿ ಕಲ್ಲಿಗೆ ಎಷ್ಟು ಸಲ ಗಂಧ ತೇದು ಹಚ್ಚಿದ್ದರೆಂದರೆ ಅದರ ಅಂಚು ಬೆಣ್ಣೆಯ ಹಾಗೆ ನುಣುಪಾಗಿತ್ತು. ಅಪ್ಪ, ತಾತ, ಮುತ್ತಾತ ಎಲ್ಲರೂ ಬಂದೂಕನ್ನು ಪೂಜಿಸಿದ್ದರು. ಒರೆಸಿದವರು ಒಬ್ಬರೂ ಇರಲಿಲ್ಲ. ಲಕ್ಷ್ಮೀಪತಿ ತಾನೂ ಕಡಿಮೆಯೇನಲ್ಲ. ಹಿಂದಿನ ಆಯುಧ ಪೂಜೆಗೆ ಟಿಕೆಟ್ ಕೊಡುವ ಯಂತ್ರಕ್ಕೆ ಭಕ್ತಿಯಿಂದ ಕುಂಕುಮ ಹಾಕಿ, ಒಂದು ವಾರ ಜನರಿಗೆ ಕೆಂಪು ಟಿಕೆಟ್ ಹರಿದುಕೊಟ್ಟವನು.

ಸಾಬರು ಸೂಜಿಯಿಂದ, ಹಲ್ಲುಜ್ಜುವ ಬ್ರಷ್ಷಿನಿಂದ, ಸೀಮೆಎಣ್ಣೆಯಿಂದ ಕೆರೆಯುತ್ತ ಹೋದರು. ಕೆರೆದದ್ದನ್ನು ಚರಂಡಿಗೆ ಕೊಡವಲು ಹೋದಾಗ ಲಕ್ಷ್ಮೀಪತಿ ಕೈ ಅಡ್ಡ ಹಿಡಿದ. ಪ್ರಸಾದ, ತುಳಿಯಬಾರದು ಎಂದ. ಅದೂ ನಿಜವೇ ಎಂದು ಖಾಜಾಬಿ ಒಳಗಿಂದ ಒಂದು ಕಾಗದ ತಂದು ಕೊಟ್ಟರು. ಹೀಗೆ ನಾಲ್ಕು ತಲೆಮಾರಿನ ಭಕ್ತಿ ಪೊಟ್ಟಣವಾಗಿ ಅವನ ಜೇಬು ಸೇರಿತು.

ಕಮಾನು ತುಕ್ಕು ಹಿಡಿದು ನಡುವೆ ಸೀಳು ಬಿಟ್ಟಿತ್ತು. ಸಾಬರು ಗರಗಸದ ಉಕ್ಕಿನಿಂದ ಹೊಸದು ಮಾಡಿದರು. ಕಿಡಿ ಹಾರಬೇಕಾದ ಪಟ್ಟಿ ಸವೆದು ಮೆತ್ತಗಾಗಿದ್ದರಿಂದ ಅದರ ಮುಖಕ್ಕೆ ಹೊಸ ಉಕ್ಕಿನ ತುಂಡು ಕೂರಿಸಿದರು. ಕಲ್ಲಿಗೆ ಪೇಚಾಟವಾಯಿತು. ಹೊಲದ ಬೆಣಚು ಕಲ್ಲು ಹಾಕಿದರೆ ಪುಡಿಯಾಗುತ್ತಿತ್ತು. ಕೊನೆಗೆ ಉಂಗುರದ ಕಲ್ಲು ಮಾರುವ ತಮ್ಮ ಬಾಮೈದನ ಹತ್ತಿರ ಹೋಗಿ, ಯಾರ ಬೆರಳಿಗೂ ಹೊಂದದೆ ಉಳಿದಿದ್ದ ದಪ್ಪ ಅಕೀಕ್ ಕಲ್ಲೊಂದನ್ನು ತಂದು ಅಂಚು ಒಡೆದು ಕುದುರೆಯ ಬಾಯಿಗೆ ಕಚ್ಚಿಸಿದರು. ಇಷ್ಟಕ್ಕೆ ಮೂರು ರಜೆ ಹಿಡಿದವು. ಎಲ್ಲ ಜೋಡಿಸಿದ ಮೇಲೆ ಮೇಜಿನ ಮೇಲೆ ಒಂದು ತಿರುಪು ಉಳಿದಿತ್ತು. ಸಾಬರು ಅದನ್ನು ಬಹಳ ಹೊತ್ತು ನೋಡಿ, ಇದು ಗ್ಯಾಸ್ ಸ್ಟವ್ವಿನದಿರಬೇಕು ಎಂದರು. ಖಾಜಾಬಿ ಆಕಡೆಯಿಂದ, ಹೋದ ವಾರ ಸ್ಟವ್ವಿನಲ್ಲಿ ಒಂದು ಉಳಿದಾಗ ಬಂದೂಕಿನದಿರಬೇಕು ಅಂದಿರಿ ಎಂದು ನೆನಪಿಸಿದರು. ಸಾಬರು ಮತ್ತೆ ಬಿಚ್ಚಿದರು.

ಕೊನೆಗೆ ಪರೀಕ್ಷೆ. ಮದ್ದಿಲ್ಲ, ಏನಿಲ್ಲ, ಬರೀ ಲಾಕು. ಸಾಬರು ಕುದುರೆ ಎತ್ತಿ ಬಿಟ್ಟರು. ‘ಟಣ್’ ಎಂದು ಕಿಡಿಗಳು ಸಾಸಿವೆ ಸಿಡಿದ ಹಾಗೆ ಉದುರಿದವು. ರಜೆಯ ದಿನವಾದರೂ ಲಕ್ಷ್ಮೀಪತಿಯ ಬಾಯಲ್ಲಿ ಎಂದಿನಂತೆ ವಿಷಲ್ ಇತ್ತು. ಹೆದರಿದ್ದಕ್ಕೆ ಅದು ತಾನಾಗಿ ಊದಿಹೋಯಿತು. ಅಂಗಡಿಯ ಮುಂದೆ ಜನ ತುಂಬಿಸಿಕೊಳ್ಳುತ್ತ ನಿಂತಿದ್ದ ಟೆಂಪೊ, ಹತ್ತುತ್ತಿದ್ದವರನ್ನು ಬಿಟ್ಟು ಹೊರಟೇಹೋಯಿತು.

“ಈಗ ಕೇಳಿ,” ಎಂದರು ಬಾಷಾ ಸಾಬ್. “ಇದು ಒಣಗಿರಬೇಕು. ಕುಂಕುಮ ಇಲ್ಲ, ಅರಿಸಿನ ಇಲ್ಲ, ತುಪ್ಪ ಇಲ್ಲ, ಹಾಲು ಇಲ್ಲ. ಒಂದ್ ಚಿಟಿಕೆ ಬಿದ್ರೂ ನನ್ನ ಕೆಲಸ ಹಾಳು. ಇನ್ನೊಂದು. ಟಕ್ ಅಂದು ಹಾರ್ಲಿಲ್ಲ ಅಂದ್ರೆ ತಕ್ಷಣ ಇಳಿಸ್ಬೇಡಿ. ಆಕಾಶಕ್ಕೆ ಹಂಗೇ ಹಿಡ್ಕೊಂಡು ನಿಂತಿರಿ. ಒಳಗೆ ಕಿಡಿ ಮಲಗಿರ್ತದೆ.”

ಮನೆಗೆ ಬರುವಾಗ ದಾರಿಯಲ್ಲಿ ಲಕ್ಷ್ಮೀಪತಿಗೆ ನಿಜವಾದ ತೊಡಕು ಹೊಳೆಯಿತು. ವಿಜಯದಶಮಿಯ ಹಿಂದಿನ ದಿನವೇ ಆಯುಧ ಪೂಜೆ. ಪೂಜೆ ಮಾಡಿದರೆ ಬಂದೂಕು ಹಾರುವುದಿಲ್ಲ. ಪೂಜೆಯಾಗದ ಬಂದೂಕನ್ನು ಹಾರಿಸುವಂತಿಲ್ಲ. ಅಷ್ಟೂ ವರ್ಷ ಊರು ಈ ಎರಡನ್ನೂ ಒಟ್ಟಿಗೆ ಬಯಸಿ, ಪಟಾಕಿಯಿಂದ ಹೊಂದಿಸಿಕೊಂಡು ಬಂದಿತ್ತು. ಒಂದು ಕ್ಷಣ, ಪೂಜೆ ಜೋರಾಗಿಯೇ ಆಗಲಿ ಬಿಡು ಎಂದು ಅವನಿಗೆ ಅನ್ನಿಸಿತು. ಮರುಕ್ಷಣ ಮಂಜಮ್ಮನ ಸೆರಗು ಕಣ್ಣ ಮುಂದೆ ಬಂತು.

ಉಪಾಯ ಹೇಳಿದವಳು ಮಂಜಮ್ಮನೇ. ಲಾಕನ್ನು ಸಿಕ್ಕಿಸುವುದೇ ಬೇಡ. ಬಂದೂಕಿಗೆ ಬೇಕಾದಷ್ಟು ಪೂಜೆ ಮಾಡೋಣ. ಲಾಕು ಇರಬೇಕಾದ ಜಾಗಕ್ಕೆ ಚೆಂಡು ಹೂವಿನ ಹಾರ ಸುತ್ತಿದರೆ ಯಾರಿಗೆ ಗೊತ್ತಾಗುತ್ತದೆ. ಮಾರನೆಯ ದಿನ ಸಿಕ್ಕಿಸಿದರಾಯಿತು. ಹಾಗೇ ಆಯಿತು. ಆಯುಧ ಪೂಜೆಯ ದಿನ ಊರಿನವರು ಬಂದು ಬಂದೂಕಿಗೆ ಕೈಮುಗಿದು, ಕುಂಕುಮ ಎರಚಿ, ಬೂದುಗುಂಬಳ ಒಡೆದು ಹೋದರು. ಮಲ್ಲಿಕಾರ್ಜುನಯ್ಯನೂ ಬಂದು, ಹೂವು ಈ ಸಲ ಜಾಸ್ತಿ ಎಂದು ಮಾತ್ರ ಹೇಳಿದ. ಲಾಕು ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಅಟ್ಟದ ಮೇಲಿನ ಡಬ್ಬಿಯಲ್ಲಿ ಬೆಚ್ಚಗೆ, ಒಣಗಿ ಕೂತಿತ್ತು.

ಗಂಡ ಹೆಂಡತಿ ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ಪಾಪಕ್ಕನನ್ನು. ಪಾಪಕ್ಕ ಲಕ್ಷ್ಮೀಪತಿಯ ತಾಯಿ. ವಯಸ್ಸು ಎಷ್ಟೋ ಆಗಿದೆ, ಕಣ್ಣು ಮಂದ, ಆದರೆ ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂಬುದು ಬೆರಳ ತುದಿಯಲ್ಲಿದೆ. ಮಾರನೆಯ ದಿನ ಬೆಳಗ್ಗೆ ಸೊಸೆ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಾಗ ಮುದುಕಿ ಬೆಲ್ಲ ಹುಡುಕುತ್ತ ಅಟ್ಟಕ್ಕೆ ಕೈ ಹಾಕಿದಳು. ಡಬ್ಬಿ ಸಿಕ್ಕಿತು. ಬಟ್ಟೆ ಬಿಚ್ಚಿ ತಡವಿ ನೋಡಿದಳು. ಕುದುರೆ. ತನ್ನ ಮಾವ ಎತ್ತುತ್ತಿದ್ದ, ತನ್ನ ಗಂಡ ಎತ್ತುತ್ತಿದ್ದ ಕುದುರೆ. ನಿನ್ನೆ ಊರಿಗೆ ಊರೇ ಪೂಜೆ ಮಾಡಿದಾಗ ಇದೊಂದನ್ನು ಬಿಟ್ಟುಬಿಟ್ಟಿದ್ದಾರೆ. ಈಗಿನ ಕಾಲದ ಮಕ್ಕಳು ಎಂದು ಬೈದುಕೊಂಡು, ಅದನ್ನು ದೇವರ ಮನೆಗೆ ಒಯ್ದು, ಹಾಲಿನಲ್ಲಿ ತೊಳೆದು, ತುಪ್ಪ ಸವರಿ, ಒಂದು ದಿನ ತಡವಾದದ್ದಕ್ಕೆ ತಪ್ಪುಕಾಣಿಕೆಯಾಗಿ ಎರಡು ಪಾಲು ಕುಂಕುಮ ಹಾಕಿ, ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಇಟ್ಟಳು. ಒಳ್ಳೆಯ ಕೆಲಸವನ್ನು ಹೇಳಿಕೊಳ್ಳಬಾರದೆಂದು ಯಾರಿಗೂ ಹೇಳಲಿಲ್ಲ.

ಸಂಜೆ ಬನ್ನಿಮರದ ಹತ್ತಿರ ಗಡಿಬಿಡಿಯಲ್ಲಿ ಲಾಕು ಸಿಕ್ಕಿಸುವಾಗ ಲಕ್ಷ್ಮೀಪತಿಯ ಬೆರಳು ಕೆಂಪಾಯಿತು. ಅವನು ಬಾಷಾ ಸಾಬರ ಮುಖ ನೋಡಿದ. ತಮ್ಮ ಕೈಕೆಲಸ ನೋಡಲೆಂದು ಹೊಸ ಜುಬ್ಬ ಹಾಕಿಕೊಂಡು ಬಂದಿದ್ದ ಸಾಬರು ಬಗ್ಗಿ ನೋಡಿದರು. ಹೆಗಲ ಟವೆಲ್ಲಿನಿಂದ ಕೈಲಾದಷ್ಟು ಒರೆಸಿದರು. ಅಷ್ಟರಲ್ಲಿ ಚಿಕ್ಕರಂಗಪ್ಪನವರು ಹೊತ್ತಾಯಿತು ಎಂದರು. ಇನ್ನೊಂದು ಕಡೆ ಮಲ್ಲಿಕಾರ್ಜುನಯ್ಯ, ಸುಮ್ಮನೆ ಇರಲಿ ಎಂದು, ಎರಡು ಆಳೆತ್ತರದ ಬಾಕ್ಸು ತಂದು ನಿಲ್ಲಿಸಿದ್ದ. ಅವನ ಹೆಂಡತಿ ಹೊಸ ಸೀರೆಯ ಸೆರಗನ್ನು ಆಗಲೇ ಸರಿಮಾಡಿಕೊಳ್ಳುತ್ತಿದ್ದಳು.

ಲಕ್ಷ್ಮೀಪತಿ ಮದ್ದು ತುಂಬಿ, ಬಟ್ಟಲಿಗೆ ರಂಜಕ ಹಾಕಿ, ಬಂದೂಕನ್ನು ಬಾಳೆಕಂಬದ ತಲೆಯ ಮೇಲಿನ ಆಕಾಶಕ್ಕೆ ಹಿಡಿದ. ಕಣ್ಣು ಮುಚ್ಚಿದ. ಎಳೆದ.

‘ಟಕ್.’

ಒಂದು ಕೆಂಪು ದೂಳು ಎದ್ದು ಅವನ ಮೂಗಿನ ಮೇಲೆ ಕೂತಿತು. ಬೇರೇನೂ ಆಗಲಿಲ್ಲ. ಜನ ಅಭ್ಯಾಸದಂತೆ ಲಂಟಾನದ ಪೊದೆಯ ಕಡೆ ತಿರುಗಿದರು. ಪೊದೆ ಸುಮ್ಮನಿತ್ತು. ಲಕ್ಷ್ಮೀಪತಿಗೆ ಎದೆಯ ಮೇಲಿನ ಗುಂಡುಕಲ್ಲು ಇಳಿದ ಹಾಗಾಯಿತು, ಮತ್ತು ಅದೇ ಹೊತ್ತಿಗೆ ಅಳುವೂ ಬಂದ ಹಾಗಾಯಿತು. ಸಾಬರು ಹೇಳಿದ್ದು ನೆನಪಿದ್ದುದರಿಂದ ಬಂದೂಕು ಇಳಿಸದೆ ಹಾಗೇ ನಿಂತಿದ್ದ. ಮಲ್ಲಿಕಾರ್ಜುನಯ್ಯನಿಗೆ ಅಷ್ಟು ತಾಳ್ಮೆ ಎಲ್ಲಿಯದು. ದಾಪುಗಾಲು ಹಾಕಿ ಬಂದು ಬಂದೂಕನ್ನು ಕಿತ್ತುಕೊಂಡು, ತೇರಿನ ಕಳಸದಂತೆ ಎರಡೂ ಕೈಯಲ್ಲಿ ಮೇಲೆತ್ತಿ ಊರಿಗೆ ತೋರಿಸಿದ.

“ನೋಡ್ರಪ್ಪ. ಇದು ಬಂದೂಕಲ್ಲ, ಮುದ್ದೆ ಕೋಲು. ಇಂಥದ್ದಕ್ಕೆ ನಾವು ವರ್ಷಾ ವರ್ಷ—”

ತುಪ್ಪದ ಜಿಡ್ಡಿನಲ್ಲಿ ತೂಕಡಿಸುತ್ತಿದ್ದ ಕಿಡಿ ಆಗ ಎದ್ದಿತು. ಮೊದಲು ‘ಸುಸ್’ ಅಂದಿತು. ಆಮೇಲೆ ಬನ್ನಿಮರದ ಹಕ್ಕಿಗಳೆಲ್ಲ ಒಟ್ಟಿಗೆ ಹಾರುವಂಥ ಢಂಕಾರ. ಊರಿನ ನಾಯಿಗಳು ಕೊಳಾಲದ ದಿಕ್ಕು ಹಿಡಿದವು. ಹೊಗೆ ಕರಗಿದಾಗ ಬಂದೂಕು ಹುಲ್ಲಿನ ಮೇಲಿತ್ತು, ಮಲ್ಲಿಕಾರ್ಜುನಯ್ಯ ತನ್ನದೇ ಬಾಕ್ಸಿನ ಹಿಂದಿದ್ದ. ಲಕ್ಷ್ಮೀಪತಿ ಎಲ್ಲಿದ್ದನೋ ಅಲ್ಲೇ ಇದ್ದ. ಹೆದರಿ ಓಡಬೇಕೆಂದು ಅವನ ಕಾಲಿಗೆ ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜನ ಕೂಗಾಡಿ ಸುಮ್ಮನಾದ ಮೇಲೆ ಪೇಚು ಹುಟ್ಟಿತು. ಚಿಕ್ಕರಂಗಪ್ಪನವರು ಮೀಸೆ ಸವರಿಕೊಂಡು, ಬಂದೂಕು ತಾನೇ ಸದ್ದು ಮಾಡಿತು, ಅದು ಸರಿ, ಆದರೆ ಮಾಡಿದ್ದು ಕಿರಿಯ ಮನೆಯವನ ಕೈಯಲ್ಲಿ ಎಂದರು. ಕಿರಿಯ ಮನೆಯ ಕಡೆಯವರು ಹೌದೆಂದು ಗದ್ದಲ ಮಾಡಿದರು. ಲಕ್ಷ್ಮೀಪತಿ ತನಗೆ ಗೊತ್ತಿದ್ದ ಒಂದೇ ಕಾನೂನನ್ನು ಮುಂದಿಟ್ಟ.

“ಯಜಮಾನ್ರೆ, ಎಳೆದೋನು ನಾನು, ಹಿಡ್ಕಂಡೋನು ಅವನು. ಬಸ್ಸಿನಾಗೆ ನೋಡಿ. ಟಿಕೆಟ್ ತಗಂಡೋನೊಬ್ಬ, ಕಿಟಕಿಯಿಂದ ಟವೆಲ್ ಹಾಕಿದೋನೊಬ್ಬ. ಸೀಟು ಯಾರ್ದು?”

“ಟವೆಲ್ ಹಾಕಿದೋನ್ದು ಕಣಪ್ಪ,” ಎಂದರು ಚಿಕ್ಕರಂಗಪ್ಪನವರು ಯೋಚನೆಯನ್ನೇ ಮಾಡದೆ. ಇಡೀ ಊರು ಅದಕ್ಕೆ ಒಪ್ಪಿತು. ಮಧುಗಿರಿ ಬಸ್ ಸ್ಟಾಂಡಿನಲ್ಲಿ ಬೆಳೆದವರು ಬೇರೆ ಏನು ಹೇಳಿಯಾರು.

ಅಲ್ಲಿಗೆ ಅದು ಮುಗಿಯಬೇಕಿತ್ತು. ಸುಮ್ಮನಿದ್ದರೆ ಸಾಕು, ಹಕ್ಕು ಹೋಗುತ್ತದೆ, ಜೊತೆಗೆ ವರ್ಷ ವರ್ಷದ ನಡುಕವೂ ಹೋಗುತ್ತದೆ. ಯಾರೂ ಅವನನ್ನು ಹೇಡಿ ಎನ್ನುವಂತಿಲ್ಲ, ಎಳೆದದ್ದು ಅವನೇ. ಅಂಥ ಬಿಡುಗಡೆ ಬಯಸಿದರೂ ಸಿಗುವುದಿಲ್ಲ. ಅವನು ಮುಖ ಒರೆಸಿಕೊಳ್ಳುತ್ತ ತಲೆ ಎತ್ತಿದ. ಮುಂದಿನ ಸಾಲಿನಲ್ಲಿ ಮಂಜಮ್ಮ ಒಡ್ಡಿದ್ದ ಸೆರಗನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ. ಅಂಗಡಿಯಲ್ಲಿ ಇದು ಬೇಡವೆಂದು ಸೀರೆ ವಾಪಸು ಮಡಿಸಿಕೊಟ್ಟ ಹಾಗೆ ಅಚ್ಚುಕಟ್ಟಾಗಿ ಸೆರಗನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇನ್ನೊಂದ್ಸಲ ಹಾರಿಸ್ತೀನಿ,” ಎಂದ ಲಕ್ಷ್ಮೀಪತಿ. ಹೇಳಿದ್ದು ಯಾರೆಂದು ಅವನೇ ಒಮ್ಮೆ ಹಿಂದೆ ತಿರುಗಿ ನೋಡಿದ.

ಚಿಕ್ಕರಂಗಪ್ಪನವರಿಗೆ ಇದು ನ್ಯಾಯವೆಂದು ಕಂಡಿತು. ಆದರೆ ಮೊದಲ ಸರದಿ ಸದ್ದು ಮಾಡಿದ ಕೈಯದು; ಮಲ್ಲಿಕಾರ್ಜುನಯ್ಯ ಬರಲಿ, ಬಂದು ಇನ್ನೊಮ್ಮೆ ಹಾರಿಸಿದರೆ ಯಾರದೂ ತಕರಾರಿಲ್ಲ ಎಂದರು. ಮಲ್ಲಿಕಾರ್ಜುನಯ್ಯನಿಗೆ ಎರಡು ಸಲ ಕೂಗಿ ಹೇಳಬೇಕಾಯಿತು, ಕಿವಿ ಇನ್ನೂ ಬಂದಿರಲಿಲ್ಲ. ಅರ್ಥವಾದ ಮೇಲೆ ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ನಂಗೆ ಭುಜ ನೋವು ಕಣ್ರಪ್ಪ. ಅಣ್ಣ ದೊಡ್ಡೋನು. ದೊಡ್ಡೋನಿರುವಾಗ ನಾನು ಹಾರಿಸೋದು ಚೆಂದಾಗಿರಲ್ಲ.”

“ಬಾರೋ ಮಲ್ಲಿ, ಟವೆಲ್ ಹಾಕ್ದೋನು ನೀನು,” ಎಂದ ಲಕ್ಷ್ಮೀಪತಿ.

“ಸೀಟು ಬುಟ್ಟುಕೊಟ್ಟಿದ್ದೀನಿ ಅಣ್ಣ. ನೀನ್ ಕೂತ್ಕೊ.”

ಬಾಷಾ ಸಾಬರು ನಳಿಗೆ ಒರೆಸಿ, ಬಟ್ಟಲು ಕೆರೆದು, ಕಲ್ಲನ್ನು ಬಿಗಿ ಮಾಡಿ, ಹೊಸದಾಗಿ ಮದ್ದು, ರಂಜಕ ತುಂಬಿಸಿ ಬಂದೂಕನ್ನು ಲಕ್ಷ್ಮೀಪತಿಯ ಕೈಗಿಟ್ಟರು. ಮೊದಲ ಬೆಂಕಿಗೆ ತುಪ್ಪ ಸುಟ್ಟುಹೋಗಿ ಲಾಕು ಈಗ ಒಣಗಿತ್ತು. ಅಂದರೆ ಈ ಸಲ ಹಾರುವುದು ಖಂಡಿತ. ಇದೇ ಕಷ್ಟ. ಇಷ್ಟು ವರ್ಷ ‘ಹಾರಲಿಕ್ಕಿಲ್ಲ’ ಎಂಬ ಒಂದು ನಂಬಿಕೆಯ ಮೇಲೆ ಅವನು ಬಿಲ್ಲು ಎಳೆಯುತ್ತಿದ್ದ. ಕೆನ್ನೆಗೆ ತಣ್ಣನೆಯ ಮರ ತಾಗಿತು. ಎರಡೂ ಕೈ ಬಂದೂಕಿಗೆ ಬೇಕು. ಕಿವಿ ಮುಚ್ಚಿಕೊಳ್ಳಲು ಮನುಷ್ಯನಿಗೆ ಇನ್ನೊಂದು ಜೊತೆ ಕೈ ಕೊಡದೆ ದೇವರು ಎಂಥ ಜಿಪುಣತನ ಮಾಡಿದ ಎಂದುಕೊಂಡ. ಹತ್ತಿರದಲ್ಲಿದ್ದವರಿಗೆ ಅವನು ಯಾವುದೋ ಮಂತ್ರ ಹೇಳುತ್ತಿದ್ದಂತೆ ಕೇಳಿತು. ಅದು ಶಿರಾದಿಂದ ಪಾವಗಡದವರೆಗಿನ ಸ್ಟಾಪುಗಳ ಹೆಸರು. ಮಧುಗಿರಿ ಬಂದಾಗ ಎಳೆದ.

ಸದ್ದು ಭುಜದಿಂದ ಹೊಕ್ಕು ಹಿಮ್ಮಡಿಯಿಂದ ಹೊರಗೆ ಹೋಯಿತು. ಕಣ್ಣು ಬಿಟ್ಟಾಗ ಅವನು ನಿಂತೇ ಇದ್ದ, ಬಂದೂಕು ಕೈಯಲ್ಲೇ ಇತ್ತು, ಎದುರಿನ ಜನ ಮೀನುಗಳಂತೆ ಬಾಯಿ ತೆರೆದು ಮುಚ್ಚುತ್ತಿದ್ದರು. ಯಾರೋ ಅವನ ಕೈಗೆ ಬನ್ನಿ ಗೊಂಚಲು ಕೊಟ್ಟರು. ಮಂಜಮ್ಮ ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಎಳೆದು ಬಿಚ್ಚುವ ಆತುರಕ್ಕೆ ಒಂದು ಎಳೆ ಕಿತ್ತುಬಂತು. ಮೊದಲ ಬನ್ನಿ ಅದರೊಳಗೆ ಬಿತ್ತು. ಅವಳು ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ, ಮುಖ ನೋಡಿದರೆ ಬೈದ ಹಾಗಿರಲಿಲ್ಲ.

ಕಿವಿ ತುಸು ತುಸುವೇ ಬರುವ ಹೊತ್ತಿಗೆ ಪಾಪಕ್ಕನ ಸುತ್ತ ಹೆಂಗಸರು ನೆರೆದಿದ್ದರು. “ನಾನು ಬೆಳಗ್ಗೆ ಹಾಲಾಗೆ ತೊಳ್ದು, ತುಪ್ಪ ಸವರಿ ಪೂಜೆ ಮಾಡಿದ್ನಲ್ಲ, ಅದಕ್ಕೇ ಹಾರಿದ್ದು,” ಎನ್ನುತ್ತಿದ್ದಳು ಮುದುಕಿ. “ಅದೂ ಒಂದ್ಸಲ ಅಲ್ಲ, ಎರಡು ಸಲ. ಎರಡು ಪಾಲು ಕುಂಕುಮ ಹಾಕಿದ್ದೆ ಕಣಮ್ಮ.” ಬಾಷಾ ಸಾಬರು ಕಮಾನು, ಉಕ್ಕು, ಅಕೀಕ್ ಕಲ್ಲು ಎಂದು ಏನೋ ಹೇಳಲು ಬಾಯಿ ತೆರೆದರು. ಅಷ್ಟೂ ಹೆಂಗಸರು ಅವರ ಕಡೆ ತಿರುಗಿದ್ದು ನೋಡಿ ಮುಚ್ಚಿಕೊಂಡು, ನೀವು ಹೇಳಿದ್ದೇ ಸರಿ ಅಮ್ಮಾ ಎಂದರು. ಮುಂದಿನ ವರ್ಷಕ್ಕೆ ಜೇನುತುಪ್ಪವನ್ನೂ ಹಾಕೋಣ ಎಂದು ಅಲ್ಲೇ ನಿಶ್ಚಯವಾಯಿತು.

ಲಕ್ಷ್ಮೀಪತಿ ಸಾಬರಿಗೆ ಬನ್ನಿ ಕೊಟ್ಟು ಕೈಮುಗಿದ. ಪಕ್ಕಕ್ಕೆ ಕರೆದು, ಹೆಂಡತಿ ಕೇಳದಷ್ಟು ಮೆಲ್ಲಗೆ ಮಾತಾಡುತ್ತಿದ್ದೇನೆಂದುಕೊಂಡು, ಇಡೀ ಊರಿಗೆ ಕೇಳುವ ಗಂಟಲಿನಲ್ಲಿ ಕೇಳಿದ.

“ಸಾಬ್ರೆ, ನೀವು ಮಾಡಿರೋ ರಿಪೇರಿ ಎಷ್ಟು ವರ್ಷ ಬತ್ತದೆ?”

ಬಾಷಾ ಸಾಬರ ಎದೆ ಜುಬ್ಬದೊಳಗೆ ಉಬ್ಬಿತು. ಅವನ ಕಿವಿಗೆ ಬಾಯಿಟ್ಟು ಹೇಳಿದರು.

“ಭರ್ತಿ ಐವತ್ತು ವರ್ಷ, ಕಂಡಕ್ಟರ್ ಸಾಹೇಬ್ರೆ. ನಂದು ಗ್ಯಾರಂಟಿ.”

ಆ ಒಂದು ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.